ರೈನ್ ನದಿಯ ಕ್ರೂಸ್ ಮತ್ತು ಆಲ್ಪ್ಸ್ ರೈಲು: ಯಾವ ದಿಕ್ಕಿನಿಂದ, ಯಾವ ತಿಂಗಳಲ್ಲಿ?

ಪ್ರಶ್ನೆ: ಗಂಗಾವತಿ ಮಾಸ್ತರ

ಎಲ್ಲರಿಗೂ ನಮಸ್ಕಾರ. ನಾನೂ ನನ್ನ ಶ್ರೀಮತಿಯೂ ಗಂಗಾವತಿಯ ಬಳಿ ಪ್ರೌಢಶಾಲೆಯಲ್ಲಿ ಪಾಠ ಹೇಳಿದವರು. ಕೈಕಾಲು ಗಟ್ಟಿಯಿರುವಾಗಲೇ ಒಮ್ಮೆ ಯುರೋಪ್ ನೋಡಿ ಬರಬೇಕೆಂದು ಬಹಳ ವರ್ಷಗಳಿಂದ ಕೂಡಿಟ್ಟ ಹಣವನ್ನು ಇದಕ್ಕೆಂದೇ ತೆಗೆದಿರಿಸಿದ್ದೇವೆ. ಎಪ್ಪತ್ತು ದಾಟಿದ ನಮ್ಮ ಅತ್ತೆಯವರೂ ಜೊತೆಗಿರುತ್ತಾರೆ. ಅವರು ಸಮತಟ್ಟಾದ ಹಾದಿಯಲ್ಲಿ ನಿಧಾನವಾಗಿ ನಡೆಯಬಲ್ಲರು. ಮೆಟ್ಟಿಲು ಹತ್ತಿ ಇಳಿಯುವುದು ಮಾತ್ರ ಮಂಡಿನೋವಿನಿಂದಾಗಿ ಕಷ್ಟ. ಮೂವರೂ ಶುದ್ಧ ಸಸ್ಯಾಹಾರಿಗಳು, ಮೊಟ್ಟೆಯನ್ನೂ ತಿನ್ನುವವರಲ್ಲ.

ಬಳ್ಳಾರಿಯ ಪ್ರವಾಸ ಏಜೆಂಟರೊಬ್ಬರು ಮೊದಲು ತೋರಿಸಿದ ಯೋಜನೆ ಬಸ್ಸಿನದು. ದಿನಕ್ಕೊಂದು ಊರು, ದಿನಕ್ಕೊಂದು ಹೋಟೆಲ್, ಬೆಳಿಗ್ಗೆ ಪೆಟ್ಟಿಗೆ ಕಟ್ಟಿ ಸಂಜೆ ಬಿಚ್ಚುವ ಆ ಓಟ ಅತ್ತೆಯವರಿಗೆ ಆಗದೆಂದು ಅದನ್ನು ಕೈಬಿಟ್ಟೆವು. ಅವರೇ ಹೇಳಿದ ಎರಡನೆಯ ಯೋಜನೆ ನಮಗೆ ಹಿಡಿಸಿದೆ. ಒಂದು ವಾರ ರೈನ್ ನದಿಯ ಮೇಲೆ ಹಡಗಿನಲ್ಲೇ ವಾಸ, ಉಳಿದ ದಿನಗಳಲ್ಲಿ ಸ್ವಿಟ್ಜರ್ಲೆಂಡಿನ ಪರ್ವತ ರೈಲುಗಳು. ಅವರ ಪ್ರಕಾರ ಜ್ಯೂರಿಕ್‌ನಲ್ಲಿ ಇಳಿದು, ಮರುದಿನವೇ ಹಿಮಪರ್ವತದ ಮೇಲಿನ ಯುಂಗ್‌ಫ್ರಾಯೋಖ್ ರೈಲು ನಿಲ್ದಾಣಕ್ಕೆ ಹತ್ತಿ, ಬಳಿಕ ಗ್ಲೇಸಿಯರ್ ಎಕ್ಸ್‌ಪ್ರೆಸ್ ರೈಲಿನಲ್ಲಿ ಪ್ರಯಾಣಿಸಿ, ಕೊನೆಗೆ ಸ್ವಿಟ್ಜರ್ಲೆಂಡಿನ ಗಡಿಯೂರು ಬಾಸೆಲ್‌ನಿಂದ ಹೊಳೆಯ ಹರಿವಿನೊಂದಿಗೆ ಆಮ್‌ಸ್ಟರ್‌ಡ್ಯಾಮ್‌ವರೆಗೆ ಇಳಿದು ಬರುವುದು.

ನನ್ನ ಸಂದೇಹಗಳು ಇವು. ಈ ಕ್ರಮ ಸರಿಯೇ, ಅಥವಾ ತಿರುಗಿಸಿಕೊಳ್ಳುವುದು ಒಳ್ಳೆಯದೇ? ರೈನ್ ನದಿಯಲ್ಲಿ ನೀರು ಇಳಿದು ಹಡಗುಗಳು ನಿಂತ ಸುದ್ದಿಯನ್ನು ಓದಿದ್ದೇನೆ. ಹಾಗಿದ್ದರೆ ಯಾವ ತಿಂಗಳು ಕ್ಷೇಮ? ಹಡಗಿನಲ್ಲಿ ನಮ್ಮಂಥವರಿಗೆ ಊಟ ಸಿಗುತ್ತದೆಯೇ? ನಾಲ್ಕೈದು ದೇಶ ದಾಟುವುದರಿಂದ ವೀಸಾ ಯಾವ ದೇಶದ್ದು ಪಡೆಯಬೇಕು? ಹೋಗಿ ಬಂದವರು ದಯವಿಟ್ಟು ವಿವರವಾಗಿ ತಿಳಿಸಬೇಕೆಂದು ಕೋರುತ್ತೇನೆ.

ಉತ್ತರ: ಬಳ್ಳಾರಿ ರೈಲ್ವೆ

ಗುರುಗಳೇ, ನಮಸ್ಕಾರ. ರೈಲ್ವೆಯಲ್ಲಿ ದುಡಿದು ನಿವೃತ್ತನಾದವನು ನಾನು. ಹಳಿಗಳ ಮೇಲಿನ ಪ್ರೀತಿಯಿಂದಲೇ ಆ ಕಡೆ ಹೋಗಿ ಬಂದವನು. ನಿಮ್ಮ ಮೊದಲನೆಯ ಪ್ರಶ್ನೆಗೆ ನನ್ನ ಉತ್ತರ ಸ್ಪಷ್ಟವಾಗಿದೆ. ಏಜೆಂಟರ ಕ್ರಮವನ್ನು ಪೂರ್ತಿ ತಿರುಗಿಸಿರಿ. ಆಮ್‌ಸ್ಟರ್‌ಡ್ಯಾಮ್‌ನಲ್ಲಿ ಹಡಗು ಹತ್ತಿ, ಹರಿವಿಗೆ ಎದುರಾಗಿ ಬಾಸೆಲ್‌ವರೆಗೆ ಬಂದು, ಅಲ್ಲಿಂದ ರೈಲಿನಲ್ಲಿ ಅದೇ ನದಿಯನ್ನು ಅದರ ಹುಟ್ಟಿನವರೆಗೆ ಹಿಂಬಾಲಿಸಿರಿ. ಸುಮಾರು 1,230 ಕಿಲೋಮೀಟರ್ ಉದ್ದದ ನದಿಯೊಂದನ್ನು ಸಮುದ್ರದ ಕಡೆಯಿಂದ ಹಿಮದವರೆಗೆ ಒಂದೇ ಪ್ರವಾಸದಲ್ಲಿ ನೋಡುವ ಇಂಥ ಅವಕಾಶ ಜಗತ್ತಿನಲ್ಲಿ ಹೆಚ್ಚಿಲ್ಲ. ಹಡಗನ್ನೂ ರೈಲನ್ನೂ ಎರಡು ಬೇರೆ ಪ್ರವಾಸಗಳೆಂದು ಮಾರುವ ಏಜೆಂಟರು ಇದನ್ನು ಹೇಳುವುದೇ ಇಲ್ಲ.

ಇದರಲ್ಲಿ ಭಾವನೆಯ ಮಾತಿಗಿಂತ ಅನುಕೂಲದ ಮಾತೇ ಹೆಚ್ಚು. ರೈನ್ ಪ್ರವಾಸದ ಜೀವಾಳವೆಂದರೆ ಜರ್ಮನಿಯ ಕೋಬ್ಲೆನ್ಸ್‌ನಿಂದ ಬಿಂಗೆನ್ ಮತ್ತು ರ‍್ಯೂಡೆಸ್‌ಹೈಮ್ ವರೆಗಿನ ಸುಮಾರು 65 ಕಿಲೋಮೀಟರ್ ಕಣಿವೆ. 2002ರಲ್ಲಿ ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಈ ಭಾಗದಲ್ಲಿ ಎರಡೂ ದಡಗಳ ಗುಡ್ಡಗಳ ಮೇಲೆ ನಲವತ್ತರಷ್ಟು ಕೋಟೆಗಳಿವೆ, ಇಳಿಜಾರುಗಳಲ್ಲಿ ದ್ರಾಕ್ಷಿ ತೋಟಗಳಿವೆ, ನದಿ ಕಿರಿದಾಗಿ ತಿರುಗುವಲ್ಲಿ 132 ಮೀಟರ್ ಎತ್ತರದ ಲೊರೆಲೈ ಬಂಡೆಯಿದೆ. ಇಲ್ಲಿ ಹರಿವು ಬಹಳ ಬಿರುಸು. ಹಗಲಿನ ಪ್ರವಾಸಿ ದೋಣಿಗಳು ಕೋಬ್ಲೆನ್ಸ್‌ನಿಂದ ರ‍್ಯೂಡೆಸ್‌ಹೈಮ್‌ಗೆ ಮೇಲೇರಲು ಸುಮಾರು ಆರು ಗಂಟೆ ತೆಗೆದುಕೊಂಡರೆ, ಅದೇ ದಾರಿಯಲ್ಲಿ ಕೆಳಗಿಳಿಯಲು ನಾಲ್ಕು ಗಂಟೆ ಸಾಕು. ಎಂದರೆ, ಏಜೆಂಟರ ದಿಕ್ಕಿನಲ್ಲಿ ಹೋದರೆ ಇಡೀ ನದಿಯ ಅತಿ ಸುಂದರ ಭಾಗ ನಿಮ್ಮ ಕಣ್ಣ ಮುಂದೆ ಬೇಗ ಜಾರಿಹೋಗುತ್ತದೆ. ಯಾವ ದಿಕ್ಕಿನಲ್ಲಿ ಹೋದರೂ, ಈ ಕಣಿವೆಯನ್ನು ಹಗಲಿನಲ್ಲೇ ದಾಟುವ ಹಡಗೇ ಬೇಕೆಂದು ಮೊದಲೇ ಕೇಳಿ ಖಚಿತಪಡಿಸಿಕೊಳ್ಳಿ.

ಎರಡನೆಯ ಕಾರಣ ನಿಮ್ಮ ಅತ್ತೆಯವರ ವಯಸ್ಸು. ಯುಂಗ್‌ಫ್ರಾಯೋಖ್ ನಿಲ್ದಾಣ 3,454 ಮೀಟರ್ ಎತ್ತರದಲ್ಲಿದೆ. 1912ರಿಂದ ಅಲ್ಲಿಯವರೆಗೆ ರೈಲು ಹೋಗುತ್ತದೆ. ರಾತ್ರಿಯಿಡೀ ವಿಮಾನದಲ್ಲಿ ಕುಳಿತು, ನಿದ್ದೆಗೆಟ್ಟು ಇಳಿದ ಮರುದಿನವೇ ಹಿರಿಯರನ್ನು ಆ ಎತ್ತರಕ್ಕೆ ಕರೆದೊಯ್ಯುವುದನ್ನು ನಾನು ಒಪ್ಪುವುದಿಲ್ಲ. ಗಾಳಿ ತೆಳುವಾಗಿರುವ ಆ ಜಾಗದಲ್ಲಿ ಆರೋಗ್ಯವಂತರಿಗೂ ತಲೆ ಭಾರವಾಗುತ್ತದೆ. ನಾನು ಹೇಳುವ ದಿಕ್ಕಿನಲ್ಲಾದರೆ ಸಮುದ್ರಮಟ್ಟದ ಆಮ್‌ಸ್ಟರ್‌ಡ್ಯಾಮ್‌ನಿಂದ ಆರಂಭಿಸಿ, ಒಂದು ವಾರದಲ್ಲಿ ಹಂತಹಂತವಾಗಿ ಮೇಲೇರುತ್ತೀರಿ. ಶರೀರಕ್ಕೆ ಹವೆಯೂ ಹೊತ್ತೂ ಒಗ್ಗುತ್ತವೆ.

ಇನ್ನು ರೈಲಿನ ವಿಷಯ. ದೊಡ್ಡ ಹಡಗುಗಳ ಪ್ರಯಾಣ ಬಾಸೆಲ್ ಸುತ್ತಮುತ್ತಲೇ ಮುಗಿಯುತ್ತದೆ, ಏಕೆಂದರೆ ಅದಕ್ಕೂ ಮೇಲೆ ಅಣೆಕಟ್ಟುಗಳಿವೆ, ಆಮೇಲೆ ಶಾಫ್‌ಹೌಸನ್ ಬಳಿ 150 ಮೀಟರ್ ಅಗಲ, 23 ಮೀಟರ್ ಎತ್ತರದ ರೈನ್ ಜಲಪಾತವೇ ಅಡ್ಡವಿದೆ. ಬಾಸೆಲ್‌ನಿಂದ ಖೂರ್ ಪಟ್ಟಣಕ್ಕೆ ನೇರ ರೈಲುಗಳಿವೆ, ಎರಡು ಗಂಟೆಗೆ ತುಸು ಹೆಚ್ಚು ಹೊತ್ತು ಸಾಕು. ಖೂರ್ ದಾಟಿದೊಡನೆ ರೈಖೆನೌ ಬರುತ್ತದೆ. ಕೂಡಲಿಯಲ್ಲಿ ತುಂಗೆ ಮತ್ತು ಭದ್ರೆ ಸೇರುವಂತೆ ಅಲ್ಲಿ ಮುನ್ನದಿ ರೈನ್, ಹಿನ್ನದಿ ರೈನ್ ಎಂಬ ಎರಡು ಹೊಳೆಗಳು ಕೂಡಿ ಒಂದಾಗುತ್ತವೆ, ಆ ಸಂಗಮ ರೈಲಿನ ಕಿಟಕಿಯಿಂದಲೇ ಕಾಣುತ್ತದೆ. ಅಲ್ಲಿಂದ ಹಳಿ ಮುನ್ನದಿ ರೈನನ್ನು ಹಿಡಿದು ರುಯಿನಾವುಲ್ಟಾ ಎಂಬ ಕಮರಿಯೊಳಗೆ ಹೋಗುತ್ತದೆ. ಹತ್ತು ಸಾವಿರ ವರ್ಷಗಳಷ್ಟು ಹಿಂದೆ ಫ್ಲಿಮ್ಸ್ ಬಳಿ ಇಡೀ ಬೆಟ್ಟವೊಂದು ಕುಸಿದು ಕಣಿವೆಯನ್ನು ಮುಚ್ಚಿದಾಗ, ಆ ಕುಸಿತದ ರಾಶಿಯನ್ನು ಕೊರೆದುಕೊಂಡು ನದಿ ಮಾಡಿಕೊಂಡ ದಾರಿಯಿದು. ಸುಣ್ಣದಂತೆ ಬೆಳ್ಳಗಿನ ಗೋಡೆಗಳು, ಕೆಳಗೆ ಹಸಿರು ನೀರು, ಅದರ ಪಕ್ಕದಲ್ಲಿ ಒಂದೇ ಒಂದು ಮೀಟರ್ ಗೇಜ್ ಹಳಿ. ಕಮರಿಯ ತಳದಲ್ಲಿ ರಸ್ತೆಯೇ ಇಲ್ಲ.

ಡಿಸೆಂಟಿಸ್ ನಿಲ್ದಾಣದ ನಂತರದ ಏರು ನನ್ನಂಥವನಿಗೆ ಅತ್ಯಂತ ಪ್ರಿಯ. ಅಲ್ಲಿ ಎರಡು ಹಳಿಗಳ ನಡುವೆ ಹಲ್ಲಿನ ಪಟ್ಟಿಯೊಂದು ಶುರುವಾಗುತ್ತದೆ. ಇಂಜಿನ್ನಿನ ಅಡಿಯಲ್ಲಿರುವ ಹಲ್ಲುಚಕ್ರ ಆ ಪಟ್ಟಿಯನ್ನು ಕಚ್ಚುವ ಮುನ್ನ ಗಾಡಿ ನಡೆದು ಹೋಗುವಷ್ಟು ನಿಧಾನವಾಗುತ್ತದೆ, ಕಾಲಡಿಯಲ್ಲಿ ‘ಕಟಕ್’ ಎಂದು ಒಂದು ಸಣ್ಣ ಅದುರು ತಿಳಿಯುತ್ತದೆ, ಆಮೇಲೆ ಗರಗರ ಸದ್ದಿನೊಂದಿಗೆ ಗಾಡಿ ಗಟ್ಟಿಯಾಗಿ ಮೇಲೇರುತ್ತದೆ. ಹೀಗೆ ಏರಿ ತಲುಪುವುದು 2,033 ಮೀಟರ್ ಎತ್ತರದ ಓಬರ್‌ಆಲ್ಪ್ ಕಣಿವೆಮಾರ್ಗದ ನಿಲ್ದಾಣ. ಅದರ ಪಕ್ಕದಲ್ಲೇ ಕೆಂಪು ಬಣ್ಣದ ದೀಪಸ್ತಂಭವೊಂದು ನಿಂತಿದೆ. ಕಡಲಿಲ್ಲದ ನಾಡಿನ ಬೆಟ್ಟದ ಮೇಲೆ ದೀಪಸ್ತಂಭವೇಕೆ ಎಂದರೆ, ರೈನ್ ಸಮುದ್ರ ಸೇರುವ ಕಡೆ, ನೆದರ್‌ಲ್ಯಾಂಡ್ಸಿನ ಹೂಕ್ ಫಾನ್ ಹಾಲೆಂಡ್‌ನಲ್ಲಿ, ಹಿಂದೆ ಇದ್ದ ದೀಪಸ್ತಂಭದ ಚಿಕ್ಕ ಪ್ರತಿರೂಪವದು. ನದಿಯ ಹುಟ್ಟು ಇಲ್ಲೇ ಹತ್ತಿರದಲ್ಲಿದೆ ಎಂದು ಗುರುತಿಸಲು 2010ರಲ್ಲಿ ನಿಲ್ಲಿಸಿದರು. ರೈನ್‌ನ ಮೂಲವೆಂದು ಹೇಳುವ ಟೋಮಾ ಸರೋವರ ಅಲ್ಲಿಂದ ಕಾಲುಹಾದಿಯಲ್ಲಿ ಒಂದೂವರೆ, ಎರಡು ಗಂಟೆಯ ನಡಿಗೆ, 2,345 ಮೀಟರ್ ಎತ್ತರದಲ್ಲಿದೆ. ಮಂಡಿನೋವಿನವರಿಗೆ ಆ ಹಾದಿ ಬೇಡ. ಆದರೆ ರೈಲಿನಿಂದ ಇಳಿದು ದೀಪಸ್ತಂಭದವರೆಗೆ ಹೋಗುವುದು ಅತ್ತೆಯವರಿಗೂ ಸಾಧ್ಯ.

ಗ್ಲೇಸಿಯರ್ ಎಕ್ಸ್‌ಪ್ರೆಸ್ ಇದೇ ಹಳಿಯ ಮೇಲೆ ಓಡುವುದಾದರೂ ಓಬರ್‌ಆಲ್ಪ್‌ನಲ್ಲಿ ಇಳಿದು ನೋಡಲು ನಿಮಗೆ ಬಿಡುವು ಕೊಡುವುದಿಲ್ಲ. ಜರ್ಮಾಟ್‌ನಿಂದ ಸೇಂಟ್ ಮೊರಿಟ್ಸ್‌ವರೆಗೆ 291 ಕಿಲೋಮೀಟರ್, ಸುಮಾರು ಎಂಟು ಗಂಟೆಯ ಪ್ರಯಾಣ, 91 ಸುರಂಗಗಳು. 1930ರಲ್ಲಿ ಆರಂಭವಾದ ಗೌರವದ ಗಾಡಿ ಅದು. ಆದರೆ ದೊಡ್ಡ ಗಾಜುಗಳ ಆ ಡಬ್ಬಿಗಳಲ್ಲಿ ಕಿಟಕಿ ತೆರೆಯುವುದಿಲ್ಲ, ಆಸನ ಕಾಯ್ದಿರಿಸುವ ಶುಲ್ಕವನ್ನು ಬೇರೆ ಕೊಡಬೇಕು, ಎಂಟು ಗಂಟೆ ಒಂದೇ ಕಡೆ ಕುಳಿತಿರಬೇಕು. ಅದೇ ಹಳಿಯ ಸಾಮಾನ್ಯ ಗಾಡಿಗಳಿಗೆ ಕಾಯ್ದಿರಿಸುವ ಅಗತ್ಯವಿಲ್ಲ, ಬೇಕಾದಲ್ಲಿ ಇಳಿದು ಮುಂದಿನ ಗಾಡಿ ಹಿಡಿಯಬಹುದು. ಆದ್ದರಿಂದ ಖೂರ್‌ನಿಂದ ಆಂಡರ್‌ಮಾಟ್‌ವರೆಗೆ ಸಾಮಾನ್ಯ ಗಾಡಿಯಲ್ಲಿ ಹೋಗಿ, ನಡುವೆ ಡಿಸೆಂಟಿಸ್‌ನಲ್ಲಿ ಒಂದು ರಾತ್ರಿ ತಂಗಿರಿ ಎಂಬುದು ನನ್ನ ಸಲಹೆ. ಆಂಡರ್‌ಮಾಟ್‌ನಿಂದ ಪಶ್ಚಿಮಕ್ಕೆ ಜರ್ಮಾಟ್ ಕಡೆಗೆ ಹೋಗುವಾಗ ಫುರ್ಕಾ ಸುರಂಗದೊಳಗೇ 15 ಕಿಲೋಮೀಟರಿಗೂ ಹೆಚ್ಚು ದೂರ ಕಳೆದುಹೋಗುತ್ತದೆ. 1982ರಲ್ಲಿ ಅದು ತೆರೆದ ಮೇಲೆ ಚಳಿಗಾಲದಲ್ಲೂ ಗಾಡಿ ಓಡುವಂತಾಯಿತು ನಿಜ, ಆದರೆ ನೋಡುವವರಿಗೆ ಅಲ್ಲಿ ಕತ್ತಲೆ ಬಿಟ್ಟು ಏನೂ ಇಲ್ಲ.

ಒಂದೇ ಒಂದು ಹೆಸರಾಂತ ಗಾಡಿಗೆ ಹಣ ಕೊಡುವುದಾದರೆ ಬೆರ್ನಿನಾ ಎಕ್ಸ್‌ಪ್ರೆಸ್‌ಗೆ ಕೊಡಿ. ಖೂರ್‌ಗೆ ಮರಳಿ ಬಂದು ಅದನ್ನು ಹತ್ತಿದರೆ, ಆರು ಕಮಾನುಗಳ 65 ಮೀಟರ್ ಎತ್ತರದ ಲಾಂಡ್‌ವಾಸರ್ ಸೇತುವೆಯಿಂದ ಗಾಡಿ ನೇರವಾಗಿ ಬಂಡೆಯೊಳಗಿನ ಸುರಂಗಕ್ಕೆ ನುಗ್ಗುತ್ತದೆ. ಬಳಿಕ 2,253 ಮೀಟರ್ ಎತ್ತರದ ಓಸ್ಪಿಟ್ಸಿಯೊ ಬೆರ್ನಿನಾ ದಾಟಿ, ಬ್ರೂಸಿಯೊದಲ್ಲಿ ಬಯಲಿನ ನಡುವೆಯೇ ಸೇತುವೆಯ ಮೇಲೆ ಒಂದು ಪೂರ್ತಿ ಸುತ್ತು ಸುತ್ತಿ ಕೆಳಗಿಳಿದು, ಇಟಲಿಯ ತಿರಾನೊ ಸೇರುತ್ತದೆ. ನೂರಕ್ಕೆ ಏಳರಷ್ಟು ಕಡಿದಾದ ಇಳಿಜಾರನ್ನು ಇಲ್ಲಿ ಹಲ್ಲಿನ ಹಳಿಯ ಸಹಾಯವಿಲ್ಲದೆ, ಬರಿಯ ಚಕ್ರದ ಹಿಡಿತದಿಂದಲೇ ಏರಿ ಇಳಿಯುತ್ತಾರೆ. ರೈಲ್ವೆಯಲ್ಲಿ ಕೆಲಸ ಮಾಡಿದವರಿಗೆ ಇದು ಎಂಥ ಸಾಹಸವೆಂದು ಗೊತ್ತು. 2008ರಲ್ಲಿ ಈ ಮಾರ್ಗವೂ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ತಿರಾನೊದಿಂದ ಮಿಲಾನ್‌ಗೆ ರೈಲಿದೆ, ಊರಿಗೆ ವಿಮಾನವನ್ನು ಅಲ್ಲಿಂದಲೇ ಹಿಡಿಯಬಹುದು.

ಉತ್ತರ: ರಾಯಚೂರು ಕೋಟೆ

ಸರ್, ನಮಸ್ಕಾರ. ನಾನು ನನ್ನ ಅತ್ತೆಯವರನ್ನು ಕರೆದುಕೊಂಡು ಇದೇ ನದಿಯಲ್ಲಿ ಪ್ರಯಾಣ ಮಾಡಿದ್ದೇನೆ, ಆದ್ದರಿಂದ ಹಿರಿಯರ ಅನುಕೂಲ ಮತ್ತು ಊಟದ ಬಗ್ಗೆ ಮಾತ್ರ ಬರೆಯುತ್ತೇನೆ.

ಹಿರಿಯರಿಗೆ ಇದಕ್ಕಿಂತ ಒಳ್ಳೆಯ ಪ್ರವಾಸ ಇಲ್ಲವೆಂಬುದು ನನ್ನ ಗಟ್ಟಿಯಾದ ಅಭಿಪ್ರಾಯ. ಪೆಟ್ಟಿಗೆಯನ್ನು ಒಮ್ಮೆ ಬಿಚ್ಚಿದರೆ ವಾರದ ಕೊನೆಯವರೆಗೆ ಮತ್ತೆ ಕಟ್ಟುವ ಗೋಜಿಲ್ಲ. ದಣಿವಾದ ದಿನ ಅವರು ಹಡಗಿನಲ್ಲೇ ಕುಳಿತು ದಡ ನೋಡುತ್ತಾ ಇರಬಹುದು, ಊರು ನೋಡಿದವರೂ ಕೂತವರೂ ಸಂಜೆ ಒಂದೇ ಕಡೆ ಸೇರುತ್ತಾರೆ. ಆದರೆ ಕೋಣೆಯನ್ನು ಆರಿಸುವಾಗ ಎಚ್ಚರ ಬೇಕು. ಈ ಹಡಗುಗಳು ಹೆಚ್ಚೆಂದರೆ 135 ಮೀಟರ್ ಉದ್ದ, 11.4 ಮೀಟರ್ ಅಗಲ ಇರುತ್ತವೆ, ಎರಡು ಮೂರು ಅಂತಸ್ತು ಇರುತ್ತದೆ. ತೀರ ಕೆಳಗಿನ ಅಂತಸ್ತಿನಲ್ಲಿ ಕಿಟಕಿ ನೀರಿನ ಮಟ್ಟಕ್ಕೆ ಸಮೀಪ, ತೆರೆಯಲು ಬರುವುದಿಲ್ಲ. ನಡುವಿನ ಅಂತಸ್ತು ಒಳ್ಳೆಯದು. ಹಡಗಿನ ಹಿಂಭಾಗದಲ್ಲಿ ಇಂಜಿನ್ನಿನ ಸದ್ದಿರುತ್ತದೆ. ಲಿಫ್ಟ್ ಇದೆಯೆಂದು ಹೇಳಿದರೂ ಬಹಳ ಹಡಗುಗಳಲ್ಲಿ ಅದು ಕೋಣೆಗಳ ಅಂತಸ್ತುಗಳಿಗೆ ಮಾತ್ರ, ಮೇಲಿನ ತೆರೆದ ಅಟ್ಟಕ್ಕೆ ಮೆಟ್ಟಿಲನ್ನೇ ಹತ್ತಬೇಕು. ಹಡಗಿನ ನಕ್ಷೆಯನ್ನು ತರಿಸಿಕೊಂಡು ಲಿಫ್ಟ್ ಎಲ್ಲಿಯವರೆಗೆ ಹೋಗುತ್ತದೆಂದು ನೀವೇ ನೋಡಿ. ಇನ್ನೊಂದು ಮಾತು: ಊರುಗಳ ಕಟ್ಟೆಗಳಲ್ಲಿ ಜಾಗ ಸಾಲದೆ ಎರಡು ಮೂರು ಹಡಗುಗಳನ್ನು ಒಂದರ ಪಕ್ಕ ಒಂದು ಕಟ್ಟುತ್ತಾರೆ. ಆಗ ನಿಮ್ಮ ಕಿಟಕಿಯ ಎದುರಿಗೆ ಇನ್ನೊಂದು ಹಡಗಿನ ಕಿಟಕಿಯೇ ಇರುತ್ತದೆ, ಬಾಲ್ಕನಿಗೆಂದು ಹೆಚ್ಚು ಹಣ ಕೊಡುವ ಮುನ್ನ ಇದನ್ನು ಯೋಚಿಸಿರಿ.

ಊರುಗಳ ಹಳೆಯ ಬೀದಿಗಳಿಗೆಲ್ಲ ಕಲ್ಲು ಹಾಸಿರುತ್ತಾರೆ, ಮೆತ್ತನೆಯ ಅಟ್ಟೆಯ ಬೂಟು ಮತ್ತು ಊರುಗೋಲು ಅಗತ್ಯ. ಕಲೋನ್‌ನಲ್ಲಿ ಮಾತ್ರ ಹಿರಿಯರಿಗೆ ತೊಂದರೆಯಿಲ್ಲ. ಹಡಗುಕಟ್ಟೆಯಿಂದ ಸ್ವಲ್ಪವೇ ದೂರದಲ್ಲಿ ಆ ದೊಡ್ಡ ಚರ್ಚು ಇದೆ. 1248ರಲ್ಲಿ ಕಟ್ಟಲು ಶುರು ಮಾಡಿ 1880ರಲ್ಲಿ ಮುಗಿಸಿದ, 157 ಮೀಟರ್ ಎತ್ತರದ ಕಟ್ಟಡವದು. ಗೋಪುರಕ್ಕೆ 533 ಮೆಟ್ಟಿಲುಗಳಿವೆ, ನಾವು ಆ ಗೋಜಿಗೆ ಹೋಗದೆ ಒಳಗೆ ಬೆಂಚಿನ ಮೇಲೆ ಕುಳಿತು ಬಣ್ಣದ ಗಾಜುಗಳನ್ನು ಬಹಳ ಹೊತ್ತು ನೋಡಿದೆವು.

ನಮ್ಮ ಅತ್ತೆಯವರಿಗೆ ಎಲ್ಲಕ್ಕಿಂತ ಹಿಡಿಸಿದ್ದು ಕೊನೆಯ ಭಾಗದ ಲಾಕ್‌ಗಳು. ಇಫೆಟ್ಸ್‌ಹೈಮ್‌ನಿಂದ ಬಾಸೆಲ್‌ವರೆಗೆ ಇಂಥ ಹತ್ತು ಲಾಕ್‌ಗಳಿವೆ. ಹಡಗು ಕಾಂಕ್ರೀಟಿನ ತೊಟ್ಟಿಯೊಳಗೆ ಹೋದ ಮೇಲೆ ಹಿಂದಿನ ಗೇಟು ಮುಚ್ಚುತ್ತದೆ, ನೀರು ತುಂಬುತ್ತಾ ಹೋದಂತೆ ಇಡೀ ಹಡಗೇ ಮೇಲೇಳುತ್ತದೆ. ತೊಟ್ಟಿಗಳಲ್ಲಿ ಕಿರಿದಾದವುಗಳ ಅಗಲ 12 ಮೀಟರ್, ಹಡಗಿನದು 11.4, ಎಂದರೆ ಎರಡೂ ಬದಿಗೆ ಒಂದೊಂದು ಅಡಿಯಷ್ಟೇ ಬಿಡುವು. ಕಿಟಕಿಯ ಆಚೆ ಪಾಚಿಗಟ್ಟಿದ ಒದ್ದೆ ಗೋಡೆ ಕೆಳಗೆ ಸರಿಯುತ್ತಾ, ಕೋಣೆಯ ಕತ್ತಲೆ ಹೋಗಿ ಒಮ್ಮೆಲೇ ಬಿಸಿಲು ಬೀಳುತ್ತದೆ. ಹೊಲಕ್ಕೆ ನಾಲೆಯ ನೀರು ಬಿಡುವ ತೂಬುಗಳನ್ನು ಕಂಡು ಬೆಳೆದ ಅವರು ಪ್ರತಿಯೊಂದು ಲಾಕ್‌ನಲ್ಲೂ ಎದ್ದು ಹೋಗಿ ನಿಂತು ನೋಡಿದರು. ಇದೂ ಆಮ್‌ಸ್ಟರ್‌ಡ್ಯಾಮ್‌ನಿಂದ ಮೇಲಕ್ಕೆ ಬರುವ ದಿಕ್ಕಿನಲ್ಲೇ ಚೆಂದ, ಹಿಂದಿನವರು ಹೇಳಿದ್ದನ್ನು ನಾನು ಪೂರ್ತಿ ಒಪ್ಪುತ್ತೇನೆ.

ಊಟದ ವಿಷಯದಲ್ಲಿ ‘ವೆಜಿಟೇರಿಯನ್’ ಎಂದಷ್ಟೇ ಬರೆಸಬೇಡಿ, ಅವರ ಲೆಕ್ಕದಲ್ಲಿ ಅದಕ್ಕೆ ಮೊಟ್ಟೆಯೂ ಸೇರುತ್ತದೆ. ಮೀನು, ಮೊಟ್ಟೆ, ಮಾಂಸದ ಸಾರು ಯಾವುದೂ ಬೇಡವೆಂದು ಮೊದಲೇ ಲಿಖಿತವಾಗಿ ತಿಳಿಸಿ, ಹಡಗು ಹತ್ತಿದ ದಿನ ಅಡುಗೆಯ ಮುಖ್ಯಸ್ಥರನ್ನು ಕಂಡು ಮತ್ತೊಮ್ಮೆ ಹೇಳಿರಿ. ಕೆಲವು ಚೀಸುಗಳಲ್ಲಿ ಕರುವಿನ ಹೊಟ್ಟೆಯಿಂದ ತೆಗೆದ ಹೆಪ್ಪು ಇರುತ್ತದೆ, ಪರ್ಮೆಸಾನ್ ಅಂಥದ್ದು. ನಿಷ್ಠೆಯಿರುವವರು ಅದನ್ನೂ ಕೇಳಿಕೊಳ್ಳಬೇಕು. ಬೆಳಗಿನ ಉಪಾಹಾರದಲ್ಲಿ ಗಟ್ಟಿ ಮೊಸರು ಇರುತ್ತದೆ, ಬಿಳಿ ಅನ್ನ ಬೇಕೆಂದು ಕೇಳಿದರೆ ಮಾಡಿಕೊಡುತ್ತಾರೆ, ಮೊಸರನ್ನಕ್ಕೆ ತೊಂದರೆಯಿಲ್ಲ. ಖಡಕ್ ರೊಟ್ಟಿ, ಶೇಂಗಾ ಹಿಂಡಿ, ಗುರೆಳ್ಳು ಪುಡಿ ಒಯ್ಯಿರಿ. ಆದರೆ ತುಪ್ಪ, ಪೇಡೆ ಮುಂತಾಗಿ ಹಾಲಿನಿಂದಾದ ಯಾವುದನ್ನೂ ಹೊರದೇಶದಿಂದ ಐರೋಪ್ಯ ಒಕ್ಕೂಟದೊಳಗೆ ತರುವಂತಿಲ್ಲ. ತಪಾಸಣೆಯಲ್ಲಿ ಕಂಡರೆ ಕಸಿದುಕೊಳ್ಳುತ್ತಾರೆ.

ಉತ್ತರ: ತೋರಣಗಲ್ಲು

ಗುರುಗಳಿಗೆ ನಮಸ್ಕಾರ. ನೀರು ಮತ್ತು ವೀಸಾ, ಈ ಎರಡರ ಬಗ್ಗೆ.

ನಾವು ಹೋದದ್ದು ಅಕ್ಟೋಬರ್‌ನಲ್ಲಿ. ನಡುರೈನ್‌ನಲ್ಲಿ ನೀರು ಇಳಿದಿದ್ದರಿಂದ ನಮ್ಮ ಹಡಗು ಕಣಿವೆಯ ಕೆಳಗೇ ನಿಂತಿತು. ನಮ್ಮನ್ನು ಬಸ್ಸಿನಲ್ಲಿ ಕರೆದೊಯ್ದು ಮೇಲೆ ನಿಂತಿದ್ದ ಇನ್ನೊಂದು ಹಡಗಿಗೆ ಹತ್ತಿಸಿದರು. ಯಾವುದಕ್ಕಾಗಿ ಅಷ್ಟು ದೂರ ಹೋಗಿದ್ದೆವೋ ಆ ಕೋಟೆಗಳ ಕಣಿವೆಯನ್ನು ಹೆದ್ದಾರಿಯಿಂದ ನೋಡಿದಂತಾಯಿತು. ಕಂಪನಿಯವರನ್ನು ಕೇಳಿದಾಗ, ನೀರಿನ ಏರಿಳಿತದಿಂದ ಮಾರ್ಗ ಬದಲಾದರೆ ಹಣ ಮರಳಿಸಬೇಕಾಗಿಲ್ಲವೆಂದು ಒಪ್ಪಂದದಲ್ಲೇ ಬರೆದಿದೆ ಎಂದು ತೋರಿಸಿದರು. ನೀವು ಸಹಿ ಮಾಡುವ ಮೊದಲು ಆ ಪುಟವನ್ನು ತಪ್ಪದೆ ಓದಿರಿ.

ಕಣಿವೆಯ ಕೌಬ್ ಎಂಬ ಊರಿನಲ್ಲಿರುವ ನೀರಿನ ಮಟ್ಟದ ಅಳತೆಕೋಲನ್ನು ಎಲ್ಲರೂ ನೋಡುತ್ತಾರೆ, ಏಕೆಂದರೆ ನದಿಯ ಅತಿ ಆಳವಿಲ್ಲದ ಭಾಗಗಳಲ್ಲಿ ಅದೊಂದು. 2018ರ ಅಕ್ಟೋಬರ್‌ನಲ್ಲಿ ಅಲ್ಲಿ ಮಟ್ಟ 25 ಸೆಂಟಿಮೀಟರ್‌ಗೆ ಇಳಿದಿತ್ತು, 2022ರ ಆಗಸ್ಟ್‌ನಲ್ಲೂ ಬಹಳ ಇಳಿಯಿತು. ಆ ಅಂಕಿ ನದಿಯ ಆಳವಲ್ಲ, ಹಡಗಿನ ದಾರಿಯಲ್ಲಿ ಅದಕ್ಕಿಂತ ಒಂದು ಮೀಟರಿಗೂ ಹೆಚ್ಚು ನೀರಿರುತ್ತದೆ. ಆದರೂ ಭಾರದ ಹಡಗುಗಳಿಗೆ ಅದು ಸಾಲದು. ಅತಿಯಾಗಿ ನೀರು ಬಂದರೂ ಕಷ್ಟವೇ, ಆಗ ಸೇತುವೆಗಳ ಕೆಳಗೆ ಹಡಗು ಹಿಡಿಯುವುದಿಲ್ಲ. ಬೇಸಿಗೆಯ ಆರಂಭದಲ್ಲಿ ಆಲ್ಪ್ಸ್‌ನ ಹಿಮ ಕರಗಿ ನದಿಗೆ ನೀರು ಬರುವುದರಿಂದ ಮೇ ತಿಂಗಳ ಕೊನೆಯಿಂದ ಜೂನ್ ಮುಗಿಯುವವರೆಗಿನ ಕಾಲ ಒಳ್ಳೆಯದು, ಆಗ ರಾತ್ರಿ ಒಂಬತ್ತರ ನಂತರವೂ ಬೆಳಕಿರುತ್ತದೆ. ಯಾವ ತಿಂಗಳಿಗೂ ಪೂರ್ತಿ ಭರವಸೆ ಕೊಡಲಾಗದು, ಆದರೆ ಸೆಪ್ಟೆಂಬರ್, ಅಕ್ಟೋಬರ್‌ಗಿಂತ ಇದು ಎಷ್ಟೋ ಮೇಲು. ಗ್ಲೇಸಿಯರ್ ಎಕ್ಸ್‌ಪ್ರೆಸ್ ಕೂಡ ಅಕ್ಟೋಬರ್ ನಡುವಿನಿಂದ ಡಿಸೆಂಬರ್‌ವರೆಗೆ ಓಡುವುದಿಲ್ಲ.

ವೀಸಾ ಒಂದೇ ಸಾಕು. ನೆದರ್‌ಲ್ಯಾಂಡ್ಸ್, ಜರ್ಮನಿ, ಫ್ರಾನ್ಸ್, ಸ್ವಿಟ್ಜರ್ಲೆಂಡ್, ಇಟಲಿ ಎಲ್ಲವೂ ಷೆಂಗೆನ್ ದೇಶಗಳೇ, ಎಂದರೆ ಒಂದೇ ವೀಸಾದಲ್ಲಿ ಓಡಾಡಬಹುದಾದ ದೇಶಗಳ ಗುಂಪಿಗೆ ಸೇರಿದವು. ಯಾವ ದೇಶದಲ್ಲಿ ಹೆಚ್ಚು ದಿನ ಇರುತ್ತೀರೋ ಆ ದೇಶಕ್ಕೆ ಅರ್ಜಿ ಹಾಕಬೇಕು, ದಿನಗಳು ಸಮವಾದರೆ ಮೊದಲು ಪ್ರವೇಶಿಸುವ ದೇಶಕ್ಕೆ. ನದಿ ಪ್ರವಾಸದಲ್ಲಿ ಇಲ್ಲೇ ಗೊಂದಲವಾಗುವುದು. ಆದ್ದರಿಂದ ಹಡಗು ಯಾವ ರಾತ್ರಿ ಯಾವ ಊರಿನಲ್ಲಿರುತ್ತದೆಂಬ ದಿನವಾರು ಪಟ್ಟಿಯನ್ನು ಕಂಪನಿಯಿಂದ ಪಡೆದು, ಸ್ವಿಟ್ಜರ್ಲೆಂಡಿನ ರಾತ್ರಿಗಳನ್ನೂ ಜರ್ಮನಿಯ ರಾತ್ರಿಗಳನ್ನೂ ಎಣಿಸಿ ಅರ್ಜಿಯೊಂದಿಗೆ ಲಗತ್ತಿಸಿ. ಪ್ರವಾಸಕ್ಕೆ ಆರು ತಿಂಗಳ ಮೊದಲಿನಿಂದ ಅರ್ಜಿ ಹಾಕಬಹುದು. ಕನಿಷ್ಠ 15 ದಿನ ಮೊದಲು ಹಾಕಲೇಬೇಕು, ಆದರೆ ಅಷ್ಟು ತಡ ಮಾಡಬೇಡಿ. ದೊಡ್ಡವರಿಗೆ ಶುಲ್ಕ 2024ರ ಜೂನ್‌ನಿಂದ 90 ಯೂರೋ, ಅರ್ಜಿ ಪಡೆಯುವ ವೀಸಾ ಕೇಂದ್ರದ ಸೇವಾ ಶುಲ್ಕ ಬೇರೆ. ಕನಿಷ್ಠ 30,000 ಯೂರೋ ಮೊತ್ತದ ವೈದ್ಯಕೀಯ ವಿಮೆ ಕಡ್ಡಾಯ. ಬೆರಳಚ್ಚು ಕೊಡಲು ಮೂವರೂ ಬೆಂಗಳೂರಿನ ಕೇಂದ್ರಕ್ಕೆ ಖುದ್ದಾಗಿ ಹೋಗಬೇಕು. ನಿಮ್ಮ ಪಿಂಚಣಿ ಆದೇಶ, ಬ್ಯಾಂಕ್ ವಿವರ, ಆದಾಯ ತೆರಿಗೆ ರಿಟರ್ನ್ ಸಾಕಾಗುತ್ತವೆ. ಅತ್ತೆಯವರ ಖರ್ಚನ್ನು ನೀವೇ ಭರಿಸುವುದಾಗಿ ಒಂದು ಪತ್ರ ಬರೆದುಕೊಡಿ. ಏಜೆಂಟರು ಪ್ಯಾಕೇಜಿನ ಮೇಲೆ ಟಿಸಿಎಸ್ (ಹಣ ಪಡೆಯುವಾಗಲೇ ವಸೂಲು ಮಾಡುವ ಆದಾಯ ತೆರಿಗೆ) ಎಂದು ಹಿಡಿಯುವ ಹಣ ನಿಮ್ಮ ಪ್ಯಾನ್ ಸಂಖ್ಯೆಯ ಹೆಸರಿನಲ್ಲೇ ಜಮೆಯಾಗುತ್ತದೆ, ರಿಟರ್ನ್ ಸಲ್ಲಿಸುವಾಗ ಅದನ್ನು ಹೊಂದಿಸಿಕೊಳ್ಳಬಹುದು. ರಸೀದಿ ಕೇಳಿ ಪಡೆಯಿರಿ.

ಉತ್ತರ: ಸಿಂಧನೂರು ಸೋನಾ

ಎಲ್ಲರೂ ಹಡಗಿನಲ್ಲಿ ಒಂದು ವಾರ ಇರುವಷ್ಟು ಅನುಕೂಲವಂತರಲ್ಲ, ಇದನ್ನು ಓದುವ ಬೇರೆಯವರಿಗೂ ಉಪಯೋಗವಾಗಲೆಂದು ಬರೆಯುತ್ತಿದ್ದೇನೆ. ನಾವು ಆಮ್‌ಸ್ಟರ್‌ಡ್ಯಾಮ್‌ನಿಂದ ಕಲೋನ್‌ಗೆ ನೇರ ರೈಲಿನಲ್ಲಿ ಹೋಗಿ, ಅಲ್ಲಿಂದ ಕೋಬ್ಲೆನ್ಸ್ ತಲುಪಿ, ಮರುದಿನ ಬೆಳಿಗ್ಗೆ ಹಗಲಿನ ದೋಣಿಯಲ್ಲಿ ರ‍್ಯೂಡೆಸ್‌ಹೈಮ್‌ವರೆಗೆ ಮೇಲೇರಿ, ಬಳಿಕ ಮತ್ತೆ ರೈಲಿನಲ್ಲಿ ಬಾಸೆಲ್ ಸೇರಿದೆವು. 1826ರಿಂದ ಈ ನದಿಯಲ್ಲಿ ಪ್ರಯಾಣಿಕರನ್ನು ಸಾಗಿಸುತ್ತಿರುವ ಕಲೋನ್–ಡ್ಯೂಸೆಲ್ಡಾರ್ಫ್ ಸಂಸ್ಥೆಯ ದೋಣಿಗಳವು, ಬೇಸಿಗೆಯಲ್ಲಿ ಪ್ರತಿದಿನ ಓಡುತ್ತವೆ. ಕಣಿವೆಯ ಆ ಒಂದು ದಿನವನ್ನು ನೋಡಿದರೆ ನದಿಯ ಸಾರವನ್ನು ನೋಡಿದಂತೆಯೇ. ಉಳಿದ ಭಾಗಗಳಲ್ಲಿ ಕೈಗಾರಿಕೆಗಳೂ ಸಪಾಟು ದಡಗಳೂ ಹೆಚ್ಚು. ಹಡಗಿನ ವಾರದ ಖರ್ಚಿಗೆ ಹೋಲಿಸಿದರೆ ಇದಕ್ಕೆ ತಗಲುವುದು ಬಹಳ ಕಡಿಮೆ. ಆದರೆ ಮಂಡಿನೋವಿನ ಹಿರಿಯರು ಜೊತೆಗಿದ್ದರೆ ಈ ಹತ್ತಿ ಇಳಿಯುವ ದಾರಿಯನ್ನು ನಾನು ಹೇಳುವುದಿಲ್ಲ, ಗುರುಗಳಿಗೆ ಹಡಗೇ ಸರಿ.

ಸ್ವಿಟ್ಜರ್ಲೆಂಡಿನಲ್ಲಿ ಮಾತ್ರ ಪ್ರವಾಸಿಗಳಿಗೆಂದು ಕೊಡುವ ಸ್ವಿಸ್ ಟ್ರಾವೆಲ್ ಪಾಸ್ ಕೊಳ್ಳಿರಿ. ಅದರಲ್ಲಿ ರೈಲು, ಬಸ್ಸು, ಸರೋವರದ ದೋಣಿ ಎಲ್ಲವೂ ಸೇರಿರುತ್ತವೆ, ತಿರಾನೊವರೆಗಿನ ಬೆರ್ನಿನಾ ಮಾರ್ಗವೂ ಸೇರುತ್ತದೆ. ಎಕ್ಸ್‌ಪ್ರೆಸ್ ಗಾಡಿಗಳ ಆಸನ ಶುಲ್ಕ ಮಾತ್ರ ಸೇರುವುದಿಲ್ಲ. ಹಿಮದ ಶಿಖರ ನೋಡಲೇಬೇಕೆಂದಿದ್ದರೆ, ಈ ಪಾಸಿಗೆ ಯುಂಗ್‌ಫ್ರಾಯೋಖ್‌ನಲ್ಲಿ ಸಿಗುವ ರಿಯಾಯಿತಿ ನೂರಕ್ಕೆ 25. ಜರ್ಮಾಟ್‌ನಿಂದ ಹತ್ತುವ 3,089 ಮೀಟರಿನ ಗೋರ್ನರ್‌ಗ್ರಾಟ್‌ನಲ್ಲಿ ನೂರಕ್ಕೆ 50. ಎತ್ತರವೂ ತುಸು ಕಡಿಮೆ, 4,478 ಮೀಟರಿನ ಮ್ಯಾಟರ್‌ಹಾರ್ನ್ ಅಲ್ಲಿಂದ ಎದುರಿಗೇ ಕಾಣುತ್ತದೆ.

ಉತ್ತರ: ದೇವದುರ್ಗ ಓದುಗ

ಡ್ಯಾನ್ಯೂಬ್ ನದಿಯನ್ನೂ ಪರಿಗಣಿಸಿರಿ. ಪಸ್ಸಾವ್‌ನಿಂದ ವಿಯೆನ್ನಾ ದಾಟಿ ಬುಡಾಪೆಸ್ಟ್‌ವರೆಗೆ ದೊಡ್ಡ ನಗರಗಳು ಹೆಚ್ಚು, ಇತಿಹಾಸದಲ್ಲಿ ಆಸಕ್ತಿಯಿರುವ ಶಿಕ್ಷಕರಿಗೆ ಹಿಡಿಸುತ್ತದೆ. ವಿಯೆನ್ನಾದಿಂದ ದಕ್ಷಿಣಕ್ಕೆ 1854ರಲ್ಲಿ ತೆರೆದ ಸೆಮ್ಮರಿಂಗ್ ಪರ್ವತ ರೈಲುಮಾರ್ಗವಿದೆ. ಅದೂ ವಿಶ್ವ ಪರಂಪರೆಯ ತಾಣ. ಆದರೆ ಎತ್ತರದ ಹಿಮಪರ್ವತಗಳೇ ಮುಖ್ಯವಾದರೆ ರೈನ್ ಮತ್ತು ಸ್ವಿಟ್ಜರ್ಲೆಂಡ್ ಜೋಡಿಗೆ ಅದು ಸಮನಾಗದು.

ಗಂಗಾವತಿ ಮಾಸ್ತರ

ಎಲ್ಲರಿಗೂ ಹೃತ್ಪೂರ್ವಕ ಧನ್ಯವಾದಗಳು. ಇಷ್ಟು ತಿಳಿದ ಮೇಲೆ ಆಮ್‌ಸ್ಟರ್‌ಡ್ಯಾಮ್‌ನಿಂದ ಮೇಲಕ್ಕೆ ಬರುವುದೆಂದೂ, ಜೂನ್ ಮೊದಲ ವಾರದಲ್ಲಿ ಹೊರಡುವುದೆಂದೂ ಮನೆಯಲ್ಲಿ ನಿಶ್ಚಯಿಸಿದೆವು, ಯುಂಗ್‌ಫ್ರಾಯೋಖ್ ಬಿಟ್ಟೆವು. ಬಳ್ಳಾರಿಯ ಹಿರಿಯರಲ್ಲಿ ಒಂದೇ ವಿನಂತಿ. ಓಬರ್‌ಆಲ್ಪ್‌ನಲ್ಲಿ ಇಳಿದು ನೋಡಬೇಕೆಂಬ ಆಸೆ ಅತ್ತೆಯವರಿಗೇ ಹೆಚ್ಚಾಗಿದೆ. ಮೂರು ದೊಡ್ಡ ಪೆಟ್ಟಿಗೆಗಳನ್ನಿಟ್ಟುಕೊಂಡು ಅಲ್ಲಿ ಇಳಿದು ಮತ್ತೆ ಹತ್ತುವುದು ಹೇಗೆ?

ಬಳ್ಳಾರಿ ರೈಲ್ವೆ

ಗುರುಗಳೇ, ಪೆಟ್ಟಿಗೆಗಳನ್ನು ಹೊತ್ತು ತಿರುಗುವ ಅಗತ್ಯವಿಲ್ಲ. ಸ್ವಿಸ್ ರೈಲ್ವೆಯಲ್ಲಿ ಒಂದು ನಿಲ್ದಾಣದಲ್ಲಿ ಪೆಟ್ಟಿಗೆ ಒಪ್ಪಿಸಿ ಇನ್ನೊಂದು ನಿಲ್ದಾಣದಲ್ಲಿ ಪಡೆಯುವ ಸೇವೆಯಿದೆ, ಪೆಟ್ಟಿಗೆಗೆ ಇಷ್ಟೆಂದು ಶುಲ್ಕ. ಬಾಸೆಲ್‌ನಲ್ಲಿ ಹಡಗಿನಿಂದ ಇಳಿದ ದಿನವೇ ದೊಡ್ಡ ಪೆಟ್ಟಿಗೆಗಳನ್ನು ಖೂರ್‌ಗೆ ಒಪ್ಪಿಸಿಬಿಡಿ. ಅವು ತಲುಪಲು ಒಂದೆರಡು ದಿನ ಬೇಕಾಗುತ್ತದೆ, ಅಷ್ಟರಲ್ಲಿ ನೀವು ಡಿಸೆಂಟಿಸ್, ಆಂಡರ್‌ಮಾಟ್ ಮುಗಿಸಿ ಬೆರ್ನಿನಾ ಗಾಡಿಗಾಗಿ ಖೂರ್‌ಗೆ ಮರಳಿರುತ್ತೀರಿ. ಎರಡು ದಿನದ ಬಟ್ಟೆ, ಔಷಧ, ರೊಟ್ಟಿಯ ಗಂಟು ಇಷ್ಟನ್ನು ಕೈಚೀಲದಲ್ಲಿ ಇಟ್ಟುಕೊಂಡರೆ ಸಾಕು. ಅತ್ತೆಯವರ ಔಷಧಗಳನ್ನು ಮಾತ್ರ ದೊಡ್ಡ ಪೆಟ್ಟಿಗೆಯಲ್ಲಿ ಹಾಕಬೇಡಿ.

ಡಿಸೆಂಟಿಸ್ ಮತ್ತು ಆಂಡರ್‌ಮಾಟ್ ನಡುವೆ ಸಾಮಾನ್ಯವಾಗಿ ಗಂಟೆಗೊಂದು ಗಾಡಿ ಇರುತ್ತದೆ. ಒಂದರಲ್ಲಿ ಇಳಿದು, ದೀಪಸ್ತಂಭದವರೆಗೆ ಹೋಗಿ, ಬಿಸಿಯಾದದ್ದೇನಾದರೂ ಕುಡಿದು ಮುಂದಿನ ಗಾಡಿ ಹಿಡಿಯಬಹುದು. ಜೂನ್ ಮೊದಲ ವಾರದಲ್ಲಿ ಅಲ್ಲಿ ಹಿಮ ಇನ್ನೂ ಉಳಿದಿರುವ ಸಂಭವವಿದೆ, ಗಾಳಿಯೂ ಕೊರೆಯುತ್ತದೆ. ಉಣ್ಣೆಯ ಟೋಪಿ, ದಪ್ಪ ಸ್ವೆಟರ್ ಮತ್ತು ಜಾರದ ಅಟ್ಟೆಯ ಬೂಟು ಮೂವರಿಗೂ ಬೇಕು. ಹಡಗಿನ ಟಿಕೆಟ್ ಆದ ಮೇಲೆ ಬಾಸೆಲ್ ತಲುಪುವ ದಿನ ಮತ್ತು ಹೊತ್ತನ್ನು ಇಲ್ಲಿ ತಿಳಿಸಿರಿ, ಅಲ್ಲಿಂದ ಮುಂದಿನ ಗಾಡಿಗಳ ವೇಳೆಯನ್ನು ನೋಡಿ ಬರೆದುಕೊಡುತ್ತೇನೆ.